ತಪ್ಪಿದ ಯುವಕನ ಮೇಲ್ವಿಚಾರಣೆ ಯಾರ ಕೈಯಲ್ಲಿರಬೇಕು?

(ನಗರದಲ್ಲಿ ನಡೆದ ಕಾನೂನು ಜಾಗೃತಿ ಸಭೆಯೊಂದರಲ್ಲಿ ಹಿರಿಯ ವಕೀಲರೊಬ್ಬರು ಮಾಡಿದ ಭಾಷಣದ ಬರಹ ರೂಪ)



ಸಂಘಟಕರು ನನಗೆ ಕೊಟ್ಟ ವಿಷಯ ‘ಯುವಜನರು ಮತ್ತು ಕಾನೂನು’. ಅದು ಬಹಳ ವಿಶಾಲವಾದ ವಿಷಯ. ಬಂಧನವಾದರೆ ಏನು ಮಾಡಬೇಕು, ಜಾಮೀನು ಹೇಗೆ ಪಡೆಯಬೇಕು ಎಂಬುದನ್ನು ಈ ವೇದಿಕೆಯಿಂದ ಹಲವರು ಈಗಾಗಲೇ ಹೇಳಿದ್ದಾರೆ. ನಿರಪರಾಧಿಗಳನ್ನು ಸುಳ್ಳು ಮೊಕದ್ದಮೆಗಳಲ್ಲಿ ಸಿಲುಕಿಸುವ ಅನ್ಯಾಯದ ಕುರಿತೂ ನಾವು ಸಾಕಷ್ಟು ಮಾತನಾಡಿದ್ದೇವೆ, ಮಾತನಾಡಲೇಬೇಕು. ಆದರೆ ಇಂದು ನಾನು ನಿರಪರಾಧಿಯ ಬಗ್ಗೆ ಮಾತನಾಡಲು ಬಂದಿಲ್ಲ. ನಿಜವಾಗಿಯೂ ತಪ್ಪು ಮಾಡಿದ, ನ್ಯಾಯಾಲಯದಲ್ಲಿ ಆ ತಪ್ಪು ಸಾಬೀತಾದ ಯುವಕನ ಬಗ್ಗೆ ಮಾತನಾಡಲು ಬಂದಿದ್ದೇನೆ. ಅವನೂ ನಮ್ಮ ಮಗನೇ. ಆದರೆ ಅವನ ಬಗ್ಗೆ ಮಾತನಾಡುವವರು ನಮ್ಮಲ್ಲಿ ಇಲ್ಲ.

ಹಲವು ವರ್ಷಗಳ ಹಿಂದಿನ ಒಂದು ಘಟನೆಯಿಂದ ಆರಂಭಿಸುತ್ತೇನೆ. ಗುಜರಿ ಅಂಗಡಿಯೊಂದರಲ್ಲಿ ದುಡಿಯುತ್ತಿದ್ದ ಇಪ್ಪತ್ತು ವರ್ಷದ ಹುಡುಗ. ತಂದೆ ಇಲ್ಲ, ತಾಯಿ ಬೀಡಿ ಕಟ್ಟುತ್ತಿದ್ದರು. ಕಟ್ಟಡವೊಂದರಿಂದ ತಾಮ್ರದ ತಂತಿಯನ್ನು ಕದ್ದ ಆರೋಪ ಅವನ ಮೇಲಿತ್ತು. ಅವನು ಕದ್ದದ್ದು ನಿಜ. ಜಾಮೀನಿಗೆ ನಿಲ್ಲುವವರು ಸಿಗದೆ ನಾಲ್ಕು ತಿಂಗಳು ಜೈಲಿನಲ್ಲಿದ್ದ. ಕೊನೆಗೆ ತಪ್ಪೊಪ್ಪಿಕೊಂಡ. ಮ್ಯಾಜಿಸ್ಟ್ರೇಟರು ಸಹೃದಯರು, ಹುಡುಗನಿಗೆ ಇಪ್ಪತ್ತೊಂದು ತುಂಬಿಲ್ಲವೆಂದು ಗಮನಿಸಿ, ಅವನ ನಡತೆ ಮತ್ತು ಮನೆಯ ಸ್ಥಿತಿಗತಿಯ ಬಗ್ಗೆ ಪರಿವೀಕ್ಷಣಾಧಿಕಾರಿಯಿಂದ, ಅಂದರೆ ಪ್ರೊಬೇಷನ್ ಅಧಿಕಾರಿಯಿಂದ, ವರದಿ ಕೇಳಿದರು. ಮೂರು ವಾಯಿದೆಗಳು ಕಳೆದವು. ವರದಿ ಬರಲಿಲ್ಲ. ಪತ್ರ ಒಂದು ಕಚೇರಿಯಿಂದ ಇನ್ನೊಂದು ಕಚೇರಿಗೆ ಹೋಗಿತ್ತು. ಆ ಅಧಿಕಾರಿಯ ಮೇಜಿನ ಮೇಲೆ ಮಕ್ಕಳ ಪಾಲನಾ ಸಂಸ್ಥೆಯ ಕಡತಗಳಿದ್ದವು, ನಿರಾಶ್ರಿತ ಮಹಿಳೆಯರ ಕಡತಗಳಿದ್ದವು. ಅವುಗಳ ಕೆಳಗೆಲ್ಲೋ ಈ ಹುಡುಗನ ಕಾಗದವೂ ಇತ್ತು. ಆ ಅಧಿಕಾರಿಯನ್ನು ನಾನು ದೂಷಿಸಲಾರೆ.

ನಾಲ್ಕನೆಯ ವಾಯಿದೆಯ ದಿನ ಹುಡುಗ ಕಟಕಟೆಯಿಂದ ಬಾಗಿ ನನಗೆ ಹೇಳಿದ: “ಸಾರ್, ಶಿಕ್ಷೆಯಾದರೆ ಆಗಲಿ ಬಿಡಿ. ಬೇಗ ಹೊರಗೆ ಬರುತ್ತೇನಲ್ಲ.” ನಾನು ಅವನ ವಕೀಲ. ವರದಿ ಬರುವವರೆಗೆ ಕಾಯೋಣ, ನಾನೇ ಆ ಕಚೇರಿಗೆ ಹೋಗಿ ವಿಚಾರಿಸುತ್ತೇನೆ ಎಂದು ನಾನು ಹೇಳಬೇಕಿತ್ತು. ಹೇಳಲಿಲ್ಲ. ಅಂದು ನನಗೆ ಬೇರೆ ನ್ಯಾಯಾಲಯದಲ್ಲಿ ಇನ್ನೊಂದು ಪ್ರಕರಣವಿತ್ತು. ಆರು ತಿಂಗಳ ಶಿಕ್ಷೆಯಾಯಿತು; ಕಳೆದ ನಾಲ್ಕು ತಿಂಗಳನ್ನು ಅದರಲ್ಲಿ ಕಳೆಯಲಾಯಿತು. ಎರಡು ತಿಂಗಳ ನಂತರ ಅವನು ಹೊರಬಂದ. ಜೈಲಿನಲ್ಲಿ ಪರಿಚಯವಾದವರೂ ಅವನ ಹಿಂದೆಯೇ ಬಂದರು. ಎರಡು ವರ್ಷ ತುಂಬುವ ಮೊದಲೇ ಅದೇ ಹುಡುಗ ಗಾಂಜಾ ಸಾಗಾಟದ ಪ್ರಕರಣದಲ್ಲಿ ನನ್ನ ಮುಂದೆ ನಿಂತಿದ್ದ. ಆ ಕಾನೂನಿನಲ್ಲಿ ಅವನಿಗೆ ಪ್ರೊಬೇಷನ್ನಿನ ಬಾಗಿಲು ಮುಚ್ಚಿತ್ತು. ಮೊದಲ ಬಾರಿ ಆ ಬಾಗಿಲು ತೆರೆದಿತ್ತು. ನಾವು ಅದರೊಳಗೆ ಅವನನ್ನು ಕಳುಹಿಸಲಿಲ್ಲ.

ಈ ಹುಡುಗನ ವಿಷಯದಲ್ಲಿ ತಪ್ಪು ಯಾರದ್ದು ಎಂದು ನಾನು ಬಹಳ ಯೋಚಿಸಿದ್ದೇನೆ. ನನ್ನ ಪಾಲು ಇದ್ದೇ ಇದೆ. ಆದರೆ ಅದರ ಹಿಂದೆ ಒಂದು ವ್ಯವಸ್ಥೆಯ ಪ್ರಶ್ನೆಯೂ ಇದೆ. ನ್ಯಾಯಾಲಯ ಒಂದು ಕೆಲಸವನ್ನು ಕೇಳುತ್ತದೆ. ಆ ಕೆಲಸವನ್ನು ಮಾಡಬೇಕಾದವರು ನ್ಯಾಯಾಲಯದ ಮಾತಿಗೆ ಒಳಪಟ್ಟವರಲ್ಲ. ಹಾಗಾದರೆ ಅವರು ಯಾರ ಅಧೀನದಲ್ಲಿರಬೇಕು? ಇದೇ ಇಂದಿನ ನನ್ನ ಮಾತಿನ ವಿಷಯ.

ಕಾನೂನು ಏನು ಹೇಳುತ್ತದೆ?

ನಮ್ಮ ದೇಶದಲ್ಲಿ ಅಪರಾಧಿಗಳ ಪರಿವೀಕ್ಷಣಾ ಕಾಯ್ದೆ ರಚನೆಯಾದದ್ದು 1958ರಲ್ಲಿ. ಅದಕ್ಕೂ ಮೊದಲೇ, 1898ರ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಇದರ ಬೀಜವಿತ್ತು. 1936ರಲ್ಲಿ ಮದ್ರಾಸ್ ಪ್ರಾಂತ್ಯವೂ 1938ರಲ್ಲಿ ಮುಂಬಯಿ ಪ್ರಾಂತ್ಯವೂ ತಮ್ಮದೇ ಪ್ರೊಬೇಷನ್ ಕಾನೂನುಗಳನ್ನು ಮಾಡಿದ್ದವು. ಅಂದಿನ ದಕ್ಷಿಣ ಕನ್ನಡ ಜಿಲ್ಲೆ ಮದ್ರಾಸಿಗೂ, ಧಾರವಾಡ, ಬೆಳಗಾವಿ, ಕಾರವಾರ ಪ್ರದೇಶಗಳು ಮುಂಬಯಿಗೂ ಸೇರಿದ್ದವು. ಆದ್ದರಿಂದ ಇದು ನಮ್ಮ ನಾಡಿಗೆ ಹೊಸದೇನಲ್ಲ. ನಮ್ಮ ಅಜ್ಜಂದಿರ ಕಾಲದ್ದು.

1958ರ ಕಾಯ್ದೆಯ ಸಾರಾಂಶ ಇಷ್ಟು. ಮೊದಲ ಬಾರಿ ಸಣ್ಣ ಅಪರಾಧ ಮಾಡಿದವನನ್ನು ಎಚ್ಚರಿಕೆ ಕೊಟ್ಟು ಬಿಟ್ಟುಬಿಡಬಹುದು. ಮರಣದಂಡನೆ ಅಥವಾ ಜೀವಾವಧಿ ಶಿಕ್ಷೆಗೆ ಅರ್ಹವಾದ ಅಪರಾಧವಲ್ಲದಿದ್ದರೆ, ಸನ್ನಡತೆಯ ಮುಚ್ಚಳಿಕೆ ಬರೆಸಿಕೊಂಡು ಗರಿಷ್ಠ ಮೂರು ವರ್ಷಗಳ ಅವಧಿಗೆ ಬಿಡುಗಡೆ ಮಾಡಬಹುದು. ಆ ಅವಧಿಯಲ್ಲಿ ಅಧಿಕಾರಿಯೊಬ್ಬರ ಮೇಲ್ವಿಚಾರಣೆಯಲ್ಲಿ ಇರಿಸಬಹುದು. ಇಪ್ಪತ್ತೊಂದು ವರ್ಷದೊಳಗಿನವರಾದರೆ, ಬೇರೆ ದಾರಿಯೇ ಇಲ್ಲವೆಂದು ಮನವರಿಕೆಯಾಗದ ಹೊರತು ಜೈಲಿಗೆ ಕಳುಹಿಸಬಾರದು. ಕಳುಹಿಸುವುದಾದರೆ ಕಾರಣವನ್ನು ಬರೆದಿಡಬೇಕು. 1964ರಲ್ಲಿ ರತನ್‌ಲಾಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹದಿನಾರರ ಹುಡುಗನೊಬ್ಬನಿಗೆ ಮೇಲ್ಮನವಿಯ ಹಂತದಲ್ಲಿಯೂ ಈ ಕಾಯ್ದೆಯ ಪ್ರಯೋಜನ ಸಿಗಬೇಕೆಂದು ಹೇಳಿತು.

ಇದು ಅಪರಾಧಿಗೆ ಮಾತ್ರ ದಯೆ ತೋರುವ ಕಾನೂನು ಎಂದು ಭಾವಿಸಬೇಡಿ. ನೊಂದವರಿಗೆ ಪರಿಹಾರ ಕೊಡಿಸುವ ಅಧಿಕಾರವನ್ನೂ ಇದೇ ಕಾಯ್ದೆ ನ್ಯಾಯಾಲಯಕ್ಕೆ ಕೊಟ್ಟಿದೆ. ಜೈಲಿನಲ್ಲಿ ಕುಳಿತವನು ಯಾರ ನಷ್ಟವನ್ನೂ ತುಂಬಿಕೊಡಲಾರ; ಹೊರಗೆ ದುಡಿಯುವವನು ತುಂಬಿಕೊಡಬಲ್ಲ. ಇನ್ನೊಂದು ಮುಖ್ಯ ಅಂಶ: ಹೀಗೆ ಬಿಡುಗಡೆಯಾದವನಿಗೆ ಅಪರಾಧ ನಿರ್ಣಯದಿಂದ ಉಂಟಾಗುವ ಅನರ್ಹತೆಗಳು ಅಂಟಿಕೊಳ್ಳುವುದಿಲ್ಲ ಎಂದು ಕಾಯ್ದೆ ಸ್ಪಷ್ಟವಾಗಿ ಹೇಳುತ್ತದೆ. ಒಂದು ತಪ್ಪಿನಿಂದ ಇಡೀ ಬದುಕು ಮುಗಿದುಹೋಗಬಾರದೆಂಬುದೇ ಇದರ ಆಶಯ.

ಈಗ ಪರಿವೀಕ್ಷಣಾಧಿಕಾರಿಯ ಕೆಲಸವನ್ನು ನೋಡಿ. ಅಪರಾಧಿಯ ಮನೆ, ಪರಿಸರ, ನಡತೆಗಳನ್ನು ವಿಚಾರಿಸಿ ನ್ಯಾಯಾಲಯಕ್ಕೆ ವರದಿ ಕೊಡಬೇಕು. ಬಿಡುಗಡೆಯಾದವನ ಮೇಲೆ ಕಣ್ಣಿಡಬೇಕು. ಅಗತ್ಯ ಬಿದ್ದರೆ ಅವನಿಗೆ ಉದ್ಯೋಗ ಹುಡುಕಿಕೊಡಲು ಪ್ರಯತ್ನಿಸಬೇಕು. ಪರಿಹಾರದ ಹಣ ಪಾವತಿಸಲು ನೆರವಾಗಬೇಕು. ಉದ್ಯೋಗ ಹುಡುಕಿಕೊಡಬೇಕೆಂದು ಸರಕಾರಿ ಅಧಿಕಾರಿಗೆ ಹೇಳುವ ಕಾನೂನುಗಳು ನಮ್ಮಲ್ಲಿ ಎಷ್ಟಿವೆ, ಯೋಚಿಸಿ. ಇದು ಸಣ್ಣ ಕೆಲಸವಲ್ಲ. ಒಳ್ಳೆಯ ಅಧಿಕಾರಿಯಿದ್ದರೆ ಒಂದು ಮನೆ ಉಳಿಯುತ್ತದೆ.

ಒಬ್ಬ ಅಧಿಕಾರಿ, ಹಲವು ಯಜಮಾನರು

ಇಷ್ಟು ಒಳ್ಳೆಯ ಕಾಯ್ದೆ ಏಕೆ ಕಡತದಲ್ಲಿಯೇ ಉಳಿಯಿತು? ಕಾರಣಗಳು ಹಲವು. ಅವುಗಳಲ್ಲಿ ಒಂದು ಕಾಯ್ದೆಯೊಳಗೇ ಇದೆ. ಅದರ 13ನೆಯ ಕಲಮಿನ ಪ್ರಕಾರ ಪರಿವೀಕ್ಷಣಾಧಿಕಾರಿಯನ್ನು ನೇಮಿಸುವುದು ರಾಜ್ಯ ಸರಕಾರ. ಕರ್ತವ್ಯ ನಿರ್ವಹಣೆಯಲ್ಲಿ ಅವರು ಜಿಲ್ಲಾ ದಂಡಾಧಿಕಾರಿಯ ನಿಯಂತ್ರಣಕ್ಕೆ ಒಳಪಟ್ಟವರು. ವರದಿ ಕೊಡಬೇಕಾದದ್ದು ನ್ಯಾಯಾಲಯಕ್ಕೆ. ಸಂಬಳ, ವರ್ಗಾವಣೆ, ಬಡ್ತಿ ಯಾವ ಇಲಾಖೆಯ ಕೈಯಲ್ಲಿವೆಯೋ ಅದು ಇನ್ನೊಂದು.

ಆ ಕಾಯ್ದೆಯಾದಾಗ ಹಲವು ರಾಜ್ಯಗಳಲ್ಲಿ ನ್ಯಾಯಾಂಗ ಮತ್ತು ಕಾರ್ಯಾಂಗ ಇನ್ನೂ ಪೂರ್ಣವಾಗಿ ಬೇರೆಯಾಗಿರಲಿಲ್ಲ. ಕಂದಾಯ ವಸೂಲಿ ಮಾಡುವ ಅಧಿಕಾರಿಯೇ ಮ್ಯಾಜಿಸ್ಟ್ರೇಟನಾಗಿ ತೀರ್ಪು ಕೊಡುವ ಬ್ರಿಟಿಷ್ ಪದ್ಧತಿಯ ಉಳಿಕೆ ಅಲ್ಲಲ್ಲಿ ಇತ್ತು. ಸಂವಿಧಾನದ 50ನೆಯ ವಿಧಿ ಇವೆರಡನ್ನು ಬೇರ್ಪಡಿಸಬೇಕೆಂದು ನಿರ್ದೇಶಿಸುತ್ತದೆ. 1973ರ ದಂಡ ಪ್ರಕ್ರಿಯಾ ಸಂಹಿತೆ ಆ ಕೆಲಸವನ್ನು ಬಹುಮಟ್ಟಿಗೆ ಮಾಡಿತು. ನ್ಯಾಯಿಕ ಮ್ಯಾಜಿಸ್ಟ್ರೇಟರು ಹೈಕೋರ್ಟಿನ ಅಧೀನಕ್ಕೆ ಬಂದರು. ಜಿಲ್ಲಾ ದಂಡಾಧಿಕಾರಿಯಾದ ಜಿಲ್ಲಾಧಿಕಾರಿ ಕಾರ್ಯಾಂಗದಲ್ಲಿಯೇ ಉಳಿದರು. ಆದರೆ ಪರಿವೀಕ್ಷಣಾಧಿಕಾರಿಯ ಮೇಲಿನ ನಿಯಂತ್ರಣ ಎಲ್ಲಿತ್ತೋ ಅಲ್ಲಿಯೇ ಉಳಿಯಿತು. ನ್ಯಾಯಾಲಯ ಮನೆ ಬದಲಾಯಿಸಿತು, ಅದರ ಕಣ್ಣು ಕಿವಿಗಳು ಹಳೆಯ ಮನೆಯಲ್ಲಿಯೇ ಉಳಿದವು.

ರಾಜ್ಯಗಳಲ್ಲಿ ಪದ್ಧತಿಯೂ ಒಂದೇ ತೆರನಾಗಿಲ್ಲ. ತಮಿಳುನಾಡಿನಲ್ಲಿ ಪ್ರೊಬೇಷನ್ ವಿಭಾಗ ಬಂದೀಖಾನೆ ಇಲಾಖೆಯ ಜೊತೆಗಿದೆ. ಕೇರಳದಲ್ಲಿ ಸಾಮಾಜಿಕ ನ್ಯಾಯ ಇಲಾಖೆಯಲ್ಲಿದೆ. ಉತ್ತರ ಪ್ರದೇಶದಲ್ಲಿ ಜಿಲ್ಲಾ ಪ್ರೊಬೇಷನ್ ಅಧಿಕಾರಿ ಮಹಿಳಾ ಕಲ್ಯಾಣ ಇಲಾಖೆಯವರು. ಮಕ್ಕಳ ಮತ್ತು ಮಹಿಳೆಯರ ಯೋಜನೆಗಳ ಭಾರ ಹೊತ್ತ ಅಧಿಕಾರಿಯ ಬಳಿ ವಯಸ್ಕ ಅಪರಾಧಿಯ ಕಡತ ಕೊನೆಯ ಸಾಲಿನಲ್ಲಿಯೇ ಇರುತ್ತದೆ. ಯಾವ ಮಂತ್ರಿಯೂ ಅದರ ಪ್ರಗತಿಯನ್ನು ಕೇಳುವುದಿಲ್ಲ. ಯಾವ ಶಾಸಕನಿಗೂ ಅದರಿಂದ ಮತ ಸಿಗುವುದಿಲ್ಲ.

ಇದರ ಪರಿಣಾಮವೇನು? ಕಾಯ್ದೆಯ 6ನೆಯ ಕಲಮು ಯುವ ಅಪರಾಧಿಯ ಬಗ್ಗೆ ವರದಿ ಕೇಳಲೇಬೇಕೆನ್ನುತ್ತದೆ. ಆದರೆ ವರದಿ ಬಂದಿದ್ದರೆ ಮಾತ್ರ ಅದನ್ನು ಪರಿಗಣಿಸಬೇಕು ಎಂಬ ಅರ್ಥದ ಮಾತೂ ಅಲ್ಲಿಯೇ ಇದೆ. ಬಾರದಿದ್ದರೆ? ಆಗ ನ್ಯಾಯಾಧೀಶರ ಮುಂದೆ ಉಳಿಯುವುದು ಪೊಲೀಸರ ಕಡತ ಮಾತ್ರ. ಆ ಕಡತದಲ್ಲಿ ಹುಡುಗ ಏನು ಕದ್ದ ಎಂಬುದಿರುತ್ತದೆ. ಅವನ ತಾಯಿ ದಿನಕ್ಕೆ ಎಷ್ಟು ಬೀಡಿ ಕಟ್ಟುತ್ತಾಳೆ ಎಂಬುದಿರುವುದಿಲ್ಲ.

ಯಾರ ಕೈಗೆ ಕೊಡಬಾರದು?

ಕೆಲವರು ಹೇಳುವುದುಂಟು: ಪೊಲೀಸರಿಗೇ ಕೊಡಿ, ಅವರಿಗೆ ಎಲ್ಲರೂ ಗೊತ್ತು. ನಾನು ಪೊಲೀಸ್ ಇಲಾಖೆಯ ವಿರೋಧಿಯಲ್ಲ; ಅಲ್ಲಿ ದೇವಭಯವುಳ್ಳ ಅಧಿಕಾರಿಗಳನ್ನು ಕಂಡಿದ್ದೇನೆ. ಆದರೆ ಆರೋಪಿಯನ್ನು ಹಿಡಿದು ಅಪರಾಧ ಸಾಬೀತುಪಡಿಸುವುದು ಅವರ ಕೆಲಸ. ಅವನಲ್ಲಿ ಒಳಿತನ್ನು ಹುಡುಕುವ ಕೆಲಸವನ್ನು ಅದೇ ಕೈಗೆ ಕೊಡುವುದು ಅವರಿಗೂ ಕಷ್ಟ, ಅವನಿಗೂ ಕಷ್ಟ. ಠಾಣೆಗೆ ವಾರಕ್ಕೊಮ್ಮೆ ಸಹಿ ಹಾಕಲು ಹೋಗುವ ಯುವಕ ಮುಂದಿನ ಪ್ರತಿಯೊಂದು ಗಲಭೆಯಲ್ಲಿಯೂ ಮೊದಲು ನೆನಪಿಗೆ ಬರುವವನಾಗುತ್ತಾನೆ. ನಮ್ಮ ಪಟ್ಟಣಗಳಲ್ಲಿ ಇದರ ಅರ್ಥವೇನೆಂದು ನಾನು ವಿವರಿಸಬೇಕಾಗಿಲ್ಲ.

ಬಂದೀಖಾನೆ ಇಲಾಖೆಗೆ ಕೊಡುವುದು ಎರಡನೆಯ ಸಲಹೆ. ಜೈಲು ಮತ್ತು ಪ್ರೊಬೇಷನ್ ಎರಡೂ ಸುಧಾರಣೆಯ ಕೆಲಸವೇ, ಒಂದೇ ಛಾವಣಿಯ ಕೆಳಗಿದ್ದರೆ ಒಳ್ಳೆಯದು ಎಂಬುದು ಅವರ ವಾದ. ಕೇಳಲು ಸರಿಯೆನಿಸುತ್ತದೆ. ಆದರೆ 2022ರ ಕೊನೆಯಲ್ಲಿ ದೇಶದ ಜೈಲುಗಳಲ್ಲಿ 5,73,220 ಮಂದಿ ಇದ್ದರು. ಅವರಲ್ಲಿ 4,34,302 ಮಂದಿ ವಿಚಾರಣಾಧೀನರು. ನೂರು ಮಂದಿಗೆ ಕಟ್ಟಿದ ಜಾಗದಲ್ಲಿ ನೂರಮೂವತ್ತಕ್ಕಿಂತ ಹೆಚ್ಚು ಮಂದಿ. 2011ರ ಜನಗಣತಿಯಲ್ಲಿ ಮುಸ್ಲಿಮರ ಪ್ರಮಾಣ ಶೇಕಡಾ 14.2, ವಿಚಾರಣಾಧೀನ ಕೈದಿಗಳಲ್ಲಿ ನಮ್ಮವರ ಪ್ರಮಾಣ ಅದಕ್ಕಿಂತ ಹೆಚ್ಚು ಎಂಬುದನ್ನು ಸರಕಾರದ ವಾರ್ಷಿಕ ವರದಿಗಳೇ ತೋರಿಸುತ್ತವೆ. ಒಳಗಿರುವವರನ್ನು ಕಾಯುವುದರಲ್ಲಿಯೇ ಸೋತಿರುವ ಇಲಾಖೆ ಹೊರಗಿರುವವನ ಕಡೆ ಎಷ್ಟು ಗಮನ ಕೊಟ್ಟೀತು?

ಈ ಪ್ರಶ್ನೆಗೆ ಬ್ರಿಟನ್ನಿನ ಅನುಭವದಲ್ಲಿ ಉತ್ತರವಿದೆ. ಅಲ್ಲಿ 1876ರಲ್ಲಿ ಪಾನನಿರೋಧ ಸಂಘವೊಂದರ ಧಾರ್ಮಿಕ ಸೇವಕರು ನ್ಯಾಯಾಲಯಗಳಿಗೆ ಹೋಗಿ ಕುಡುಕರ ಪರವಾಗಿ ಮಾತನಾಡುವುದರಿಂದ ಈ ಕೆಲಸ ಆರಂಭವಾಯಿತು. 1907ರಲ್ಲಿ ಅದಕ್ಕೆ ಕಾನೂನಿನ ರೂಪ ಬಂತು. ದಶಕಗಳ ಕಾಲ ಅಧಿಕಾರಿಗಳು ಸ್ಥಳೀಯ ನ್ಯಾಯಾಲಯಗಳಿಗೆ ಹತ್ತಿರವಾಗಿದ್ದರು. ನಂತರ 2001ರಲ್ಲಿ ಅದು ರಾಷ್ಟ್ರೀಯ ಸೇವೆಯಾಯಿತು. 2004ರಲ್ಲಿ ಜೈಲಿನ ಆಡಳಿತದೊಂದಿಗೆ ಜೋಡಿಸಲಾಯಿತು. 2014ರಲ್ಲಿ ಸೇವೆಯನ್ನು ಎರಡಾಗಿ ಒಡೆದು ದೊಡ್ಡ ಭಾಗವನ್ನು ಕಂಪೆನಿಗಳಿಗೆ ಗುತ್ತಿಗೆ ಕೊಡಲಾಯಿತು. ಆ ಮಾದರಿ ಸರಿಪಡಿಸಲಾಗದಷ್ಟು ದೋಷಯುಕ್ತವೆಂದು 2019ರಲ್ಲಿ ಅಲ್ಲಿನ ಮುಖ್ಯ ಪ್ರೊಬೇಷನ್ ತನಿಖಾಧಿಕಾರಿಯೇ ವರದಿ ಕೊಟ್ಟರು. 2021ರ ಜೂನ್‌ನಲ್ಲಿ ಎಲ್ಲವನ್ನೂ ಮರಳಿ ಸರಕಾರಿ ಸೇವೆಗೆ ತರಲಾಯಿತು. ಎರಡು ದಶಕಗಳಲ್ಲಿ ನಾಲ್ಕು ಬಾರಿ ಮನೆ ಬದಲಾಯಿಸಿದ ಸೇವೆಗೆ ಒಳ್ಳೆಯ ಅಧಿಕಾರಿಗಳು ಉಳಿದಾರೆಯೇ?

ಅಮೆರಿಕದ ಕತೆ ಇನ್ನೂ ಬೋಧಪ್ರದವಾಗಿದೆ. 1841ರಲ್ಲಿ ಬಾಸ್ಟನ್ ನಗರದಲ್ಲಿ ಜಾನ್ ಅಗಸ್ಟಸ್ ಎಂಬ ಚಪ್ಪಲಿ ಹೊಲಿಯುವ ವ್ಯಕ್ತಿ ನ್ಯಾಯಾಲಯದಲ್ಲಿ ಒಬ್ಬ ಕುಡುಕನಿಗೆ ಜಾಮೀನು ನಿಂತ. ಅವನನ್ನು ಸುಧಾರಿಸಿ ಮತ್ತೆ ನ್ಯಾಯಾಧೀಶರ ಮುಂದೆ ನಿಲ್ಲಿಸಿದ. 1859ರಲ್ಲಿ ಸಾಯುವ ಹೊತ್ತಿಗೆ ಆತ ಹೀಗೆ ಸುಮಾರು ಎರಡು ಸಾವಿರ ಮಂದಿಗೆ ಜಾಮೀನು ನಿಂತಿದ್ದ. 1878ರಲ್ಲಿ ಮಸಾಚುಸೆಟ್ಸ್ ರಾಜ್ಯ ಇದಕ್ಕಾಗಿ ಕಾನೂನು ಮಾಡಿತು. ಮೊದಲು ಅಧಿಕಾರಿಯನ್ನು ನೇಮಿಸುವ ಅಧಿಕಾರ ಬಾಸ್ಟನ್ನಿನ ಮೇಯರ್‌ಗೆ ಇತ್ತು, ಅಧಿಕಾರಿ ಪೊಲೀಸ್ ಮುಖ್ಯಸ್ಥನ ಕೈಕೆಳಗಿದ್ದ. 1891ರ ಕಾನೂನು ಆ ನೇಮಕದ ಅಧಿಕಾರವನ್ನು ನ್ಯಾಯಾಲಯಗಳಿಗೆ ವರ್ಗಾಯಿಸಿತು. ಕೇಂದ್ರ ಮಟ್ಟದಲ್ಲಿಯೂ ಅದೇ ನಡೆಯಿತು. 1925ರಲ್ಲಿ ಕಾಯ್ದೆಯಾಯಿತು, ಸ್ವಲ್ಪ ಕಾಲ ಅದರ ಆಡಳಿತ ಬಂದೀಖಾನೆ ಇಲಾಖೆಯ ಬಳಿಯಿತ್ತು, 1940ರಲ್ಲಿ ಅದನ್ನು ನ್ಯಾಯಾಲಯಗಳ ಆಡಳಿತ ಕಚೇರಿಗೆ ವಹಿಸಲಾಯಿತು. ಇಂದಿಗೂ ಆ ದೇಶದ ಕೆಲವು ರಾಜ್ಯಗಳಲ್ಲಿ ಪ್ರೊಬೇಷನ್ ಕಾರ್ಯಾಂಗದಲ್ಲಿದೆ, ಕೆಲವು ರಾಜ್ಯಗಳಲ್ಲಿ ನ್ಯಾಯಾಂಗದಲ್ಲಿದೆ, ಚರ್ಚೆ ಮುಗಿದಿಲ್ಲ. ಆದರೆ ಪೊಲೀಸರ ನೆರಳಿನಿಂದಲೂ ಜೈಲಿನ ನೆರಳಿನಿಂದಲೂ ಹೊರಬಂದ ಅನುಭವ ಅಲ್ಲಿ ಎರಡು ಬಾರಿ ನಡೆದಿದೆ ಎಂಬುದನ್ನು ನಾವು ಗಮನಿಸಬೇಕು.

ಕಾಜಿಯ ಮೊದಲ ಕೆಲಸ

ಸಹೋದರರೇ, ನಾವು ಪಾಶ್ಚಾತ್ಯರಿಂದ ಮಾತ್ರ ಕಲಿಯಬೇಕಾಗಿಲ್ಲ. ಹ. ಉಮರ್(ರ)ರ ಆಡಳಿತದಲ್ಲಿ ಪ್ರಾಂತ್ಯಗಳಿಗೆ ಗವರ್ನರರಿಂದ ಬೇರೆಯಾಗಿ ಕಾಜಿಗಳನ್ನು ನೇಮಿಸಿದ್ದನ್ನು ಇತಿಹಾಸಕಾರರು ದಾಖಲಿಸಿದ್ದಾರೆ. ಆಳುವವನೇ ತೀರ್ಪು ಕೊಡಬಾರದೆಂಬ ಎಚ್ಚರ ಅದರಲ್ಲಿದೆ. ಕಾಜಿಯ ಕರ್ತವ್ಯಗಳನ್ನು ವಿವರಿಸುವ ನಮ್ಮ ಕರ್ಮಶಾಸ್ತ್ರ ಗ್ರಂಥಗಳಲ್ಲಿ, ಶಾಫಿಈ ಪರಂಪರೆಯ ಇಮಾಮ್ ನವವಿ(ರ)ಯವರ ಮಿನ್‌ಹಾಜ್‌ನಲ್ಲಿಯೂ, ಒಂದು ವಿಷಯ ಬರುತ್ತದೆ: ಹೊಸದಾಗಿ ಅಧಿಕಾರ ವಹಿಸಿಕೊಂಡ ಕಾಜಿ ಮೊದಲು ನೋಡಬೇಕಾದದ್ದು ಸೆರೆಯಲ್ಲಿರುವವರ ಸ್ಥಿತಿಯನ್ನು. ಯಾರು ಏಕೆ ಒಳಗಿದ್ದಾರೆ, ಅದು ನ್ಯಾಯವೇ ಎಂದು ಒಬ್ಬೊಬ್ಬರನ್ನೂ ವಿಚಾರಿಸಬೇಕು. ಹೊಸ ದಾವೆಗಳು ಅದರ ನಂತರ.

ಇದರ ಮರ್ಮವನ್ನು ಯೋಚಿಸಿ. ತೀರ್ಪು ಕೊಟ್ಟ ಕೂಡಲೇ ನ್ಯಾಯಾಧೀಶನ ಹೊಣೆ ಮುಗಿಯುವುದಿಲ್ಲ. ಅವನ ಆದೇಶದಿಂದ ಒಬ್ಬ ಮನುಷ್ಯನ ಸ್ವಾತಂತ್ರ್ಯಕ್ಕೆ ಕಡಿವಾಣ ಬಿದ್ದಿದೆಯೆಂದಾದರೆ, ಆ ಮನುಷ್ಯ ಏನಾದ ಎಂಬುದಕ್ಕೂ ಅವನು ಉತ್ತರ ಕೊಡಬೇಕು.

ಪ್ರವಾದಿ(ಸ)ರ ಕಾಲದ ಒಂದು ಘಟನೆ ನಿಮಗೆಲ್ಲ ತಿಳಿದದ್ದೇ. ಮದ್ಯಪಾನಕ್ಕಾಗಿ ಮತ್ತೆ ಮತ್ತೆ ಶಿಕ್ಷೆಗೊಳಗಾದ ವ್ಯಕ್ತಿಯನ್ನು ಒಬ್ಬರು ಶಪಿಸಿದಾಗ ಪ್ರವಾದಿ(ಸ)ರು ತಡೆದರು. ಅವನಿಗೆ ಅಲ್ಲಾಹ್ ಮತ್ತು ರಸೂಲರ ಮೇಲೆ ಪ್ರೀತಿಯಿದೆಯೆಂದು ತಿಳಿಸಿದರು. ಶಿಕ್ಷೆ ರದ್ದಾಗಲಿಲ್ಲ. ಮನುಷ್ಯನೂ ರದ್ದಾಗಲಿಲ್ಲ.

ನಾನು ಕೇಳುವುದೇನು?

ನನ್ನ ಅಭಿಪ್ರಾಯವನ್ನು ಸ್ಪಷ್ಟವಾಗಿ ಹೇಳುತ್ತೇನೆ. ವಯಸ್ಕರ ಪ್ರೊಬೇಷನ್ನಿನ ಮೇಲ್ವಿಚಾರಣೆ ನ್ಯಾಯಾಂಗದ ಬಳಿಯಿರಬೇಕು. ಬಿಡುಗಡೆಯ ಆದೇಶ ಕೊಡುವುದು ನ್ಯಾಯಾಲಯ. ಷರತ್ತುಗಳನ್ನು ಬದಲಾಯಿಸುವ ಅಧಿಕಾರ ನ್ಯಾಯಾಲಯದ್ದು. ಮುಚ್ಚಳಿಕೆ ಮುರಿದರೆ ಮರಳಿ ಕರೆಸಿ ಶಿಕ್ಷೆ ಕೊಡುವುದೂ ನ್ಯಾಯಾಲಯವೇ. ವರದಿ ಗೋಪ್ಯವಾಗಿ ಹೋಗಬೇಕಾದದ್ದೂ ಅಲ್ಲಿಗೇ. ಆರಂಭವೂ ಅಂತ್ಯವೂ ನ್ಯಾಯಾಲಯದಲ್ಲಿರುವಾಗ ನಡುವಿನ ದಾರಿಯನ್ನು ಮಾತ್ರ ಬೇರೆಯವರ ಕೈಗೆ ಒಪ್ಪಿಸುವುದು ಸರಿಯಲ್ಲ.

ಇದಕ್ಕೆ ಆಕ್ಷೇಪಗಳಿವೆ; ಅವು ಹಗುರವಾದವಲ್ಲ. ನ್ಯಾಯಾಲಯಗಳಲ್ಲಿ ಈಗಾಗಲೇ ಕೋಟ್ಯಂತರ ಪ್ರಕರಣಗಳು ಬಾಕಿಯಿವೆ, ಇನ್ನೊಂದು ಹೊರೆ ಏಕೆ ಎಂಬುದು ಮೊದಲನೆಯದು. ಅಧಿಕಾರಿ ನ್ಯಾಯಾಧೀಶರ ಕೈಕೆಳಗಿನವನಾದರೆ ಆ ವರದಿಯನ್ನು ಅದೇ ನ್ಯಾಯಾಧೀಶರು ನಿಷ್ಪಕ್ಷಪಾತವಾಗಿ ತೂಗುವುದು ಹೇಗೆ ಎಂಬುದು ಎರಡನೆಯದು. ಉದ್ಯೋಗ, ಚಿಕಿತ್ಸೆ, ತರಬೇತಿ ಕೊಡುವ ಯೋಜನೆಗಳೆಲ್ಲ ಕಾರ್ಯಾಂಗದ ಬಳಿಯಿವೆ, ನ್ಯಾಯಾಲಯದ ಬಳಿ ಏನಿದೆ ಎಂಬುದು ಮೂರನೆಯದು. ಮೂರನೆಯದೇ ಎಲ್ಲಕ್ಕಿಂತ ಬಲವಾದದ್ದೆಂದು ನಾನು ಒಪ್ಪುತ್ತೇನೆ.

ಆದರೆ ಇವುಗಳಿಗೆ ಉತ್ತರ ನಮ್ಮ ದೇಶದಲ್ಲಿಯೇ ಸಿದ್ಧವಾಗಿದೆ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯನ್ನು ನೋಡಿ. 1995ರಲ್ಲಿ ಅದು ಜಾರಿಗೆ ಬಂದ ಮೇಲೆ ಪ್ರತಿ ಜಿಲ್ಲೆಯಲ್ಲಿಯೂ ಕಾನೂನು ಸೇವಾ ಪ್ರಾಧಿಕಾರ ರಚನೆಯಾಯಿತು. ಅದರ ಅಧ್ಯಕ್ಷರು ಜಿಲ್ಲಾ ನ್ಯಾಯಾಧೀಶರು. ಕಾರ್ಯದರ್ಶಿಯಾಗಿ ನ್ಯಾಯಾಂಗದ ಅಧಿಕಾರಿಯೊಬ್ಬರು ದಿನನಿತ್ಯದ ಕೆಲಸ ನೋಡುತ್ತಾರೆ. ಹಣ ಸರಕಾರ ಕೊಡುತ್ತದೆ. ಬಡವನಿಗೆ ವಕೀಲರನ್ನು ಕೊಡುವ ಪ್ರಾಧಿಕಾರವಿದ್ದರೂ ಬಡವನ ಪ್ರಕರಣವನ್ನು ನಡೆಸುವ ಮ್ಯಾಜಿಸ್ಟ್ರೇಟರ ಸ್ವಾತಂತ್ರ್ಯಕ್ಕೆ ಧಕ್ಕೆಯಾಗಿಲ್ಲ. ಜಿಲ್ಲೆಯ ಇತರ ಇಲಾಖೆಗಳಿಂದ ಕೆಲಸ ಮಾಡಿಸಿಕೊಳ್ಳುವುದೂ ಅದಕ್ಕೆ ಸಾಧ್ಯವಾಗಿದೆ.

ಅದೇ ಮಾದರಿಯಲ್ಲಿ ವಯಸ್ಕರ ಪ್ರೊಬೇಷನ್ನಿಗಾಗಿ ಜಿಲ್ಲಾ ಮಂಡಳಿಯೊಂದು ಇರಲಿ. ಜಿಲ್ಲಾ ನ್ಯಾಯಾಧೀಶರು ಅಧ್ಯಕ್ಷರಾಗಿರಲಿ, ಮೇಲೆ ಹೈಕೋರ್ಟಿನ ಮೇಲ್ವಿಚಾರಣೆ ಇರಲಿ. ಅಧಿಕಾರಿಗಳು ಸಮಾಜಕಾರ್ಯದಲ್ಲಿ ತರಬೇತಿ ಪಡೆದವರಾಗಿರಲಿ. ಅವರಿಗೆ ಈ ಒಂದು ಕೆಲಸವೇ ಇರಲಿ, ಮಕ್ಕಳ ಇಲಾಖೆಯ ಕೆಲಸವನ್ನು ಬೇರೆಯವರು ನೋಡಿಕೊಳ್ಳಲಿ. ಸಮಾಜ ಕಲ್ಯಾಣ, ಆರೋಗ್ಯ, ಕೌಶಲ ತರಬೇತಿ ಇಲಾಖೆಗಳ ಪ್ರತಿನಿಧಿಗಳು ಮಂಡಳಿಯಲ್ಲಿ ಕುಳಿತು ನೆರವನ್ನು ಒದಗಿಸಲಿ. ಸೇವೆ ಕಾರ್ಯಾಂಗದ್ದು, ಲೆಕ್ಕ ಕೇಳುವ ಹಕ್ಕು ನ್ಯಾಯಾಂಗದ್ದು. ವರದಿ ಬಾರದೆ ಮೂರು ವಾಯಿದೆ ಕಳೆದರೆ ಅದಕ್ಕೆ ಉತ್ತರ ಕೊಡಬೇಕಾದವರು ಯಾರೆಂದು ಎಲ್ಲರಿಗೂ ತಿಳಿದಿರಬೇಕು. ಇದಕ್ಕಾಗಿ 1958ರ ಕಾಯ್ದೆಯ 13ನೆಯ ಕಲಮನ್ನು ತಿದ್ದಬೇಕು.

ಈ ಬೇಡಿಕೆಗೆ ಇದು ತಕ್ಕ ಕಾಲವೂ ಹೌದು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಸಮುದಾಯ ಸೇವೆ ಎಂಬ ಹೊಸ ಶಿಕ್ಷೆಯಿದೆ. ಐದು ಸಾವಿರ ರೂಪಾಯಿಗಿಂತ ಕಡಿಮೆ ಬೆಲೆಯ ವಸ್ತುವನ್ನು ಮೊದಲ ಬಾರಿ ಕದ್ದವನು ಅದನ್ನು ಮರಳಿಸಿದರೆ ಅವನಿಗೆ ಇದೇ ಶಿಕ್ಷೆ. ಒಳ್ಳೆಯ ಹೆಜ್ಜೆ. ಆದರೆ ಅವನು ಎಲ್ಲಿ, ಯಾರ ಕಣ್ಣೆದುರು ಸೇವೆ ಮಾಡಬೇಕು ಎಂಬುದನ್ನು ಸಂಹಿತೆ ಬಿಡಿಸಿ ಹೇಳಿಲ್ಲ. ಈಗ ಸರಿಯಾದ ವ್ಯವಸ್ಥೆ ಮಾಡದಿದ್ದರೆ ಆ ಕೆಲಸವೂ ಠಾಣೆಯ ಅಂಗಳಕ್ಕೆ ಬಂದು ಬೀಳುತ್ತದೆ.

ನಮ್ಮ ಪಾಲಿನ ಹೊಣೆ

ಸರಕಾರಕ್ಕೆ ಬೇಡಿಕೆಗಳನ್ನು ಸಲ್ಲಿಸಿ ಮನೆಗೆ ಹೋಗುವುದು ಸುಲಭ. ಆದ್ದರಿಂದ ಕೊನೆಯದಾಗಿ ನಮ್ಮ ಬಗ್ಗೆ ಎರಡು ಮಾತು.

ಅದೇ 13ನೆಯ ಕಲಮಿನಲ್ಲಿ ಇನ್ನೊಂದು ಅವಕಾಶವಿದೆ. ಸರಕಾರದಿಂದ ಮಾನ್ಯತೆ ಪಡೆದ ಸಂಘ ಸಂಸ್ಥೆಗಳೂ ಪರಿವೀಕ್ಷಣಾಧಿಕಾರಿಗಳನ್ನು ಒದಗಿಸಬಹುದು. ವಿಶೇಷ ಸಂದರ್ಭಗಳಲ್ಲಿ ಅರ್ಹನೆಂದು ಕಂಡ ಯಾವನೇ ವ್ಯಕ್ತಿಗೂ ನ್ಯಾಯಾಲಯ ಈ ಹೊಣೆಯನ್ನು ವಹಿಸಬಹುದು. ಆರು ದಶಕಗಳಿಂದ ಈ ಅವಕಾಶ ಕಾಯ್ದೆಯಲ್ಲಿದೆ. ನಮ್ಮಲ್ಲಿ ಎಷ್ಟು ಸಂಸ್ಥೆಗಳು ಇದನ್ನು ಓದಿವೆ? ನಾವು ಸಾಮೂಹಿಕ ವಿವಾಹ ಮಾಡುತ್ತೇವೆ, ರಕ್ತದಾನ ಶಿಬಿರ ಮಾಡುತ್ತೇವೆ, ಕಿಟ್ ವಿತರಿಸುತ್ತೇವೆ. ಅಲ್ಲಾಹನು ಸ್ವೀಕರಿಸಲಿ. ಆದರೆ ಮೊದಲ ಬಾರಿ ತಪ್ಪಿದ ಹುಡುಗನಿಗೆ ಜಾಮೀನು ನಿಲ್ಲುವ ಹತ್ತು ಮಂದಿಯ ಪಟ್ಟಿ ಯಾವ ಜಮಾಅತ್ ಕಮಿಟಿಯ ಬಳಿಯಿದೆ? ಅವನಿಗೆ ಕೆಲಸ ಕೊಡುತ್ತೇನೆಂದು ಮುಂದೆ ಬರುವ ವ್ಯಾಪಾರಿ ಎಲ್ಲಿದ್ದಾನೆ? ಹಾಗೆ ಮುಂದೆ ಬರುವ ಸಂಸ್ಥೆ ನಮ್ಮ ಮಕ್ಕಳಿಗೆ ಮಾತ್ರ ಮೀಸಲಾಗಬಾರದು. ಯಾವ ಧರ್ಮದ ಹುಡುಗನನ್ನು ನ್ಯಾಯಾಲಯ ಒಪ್ಪಿಸಿದರೂ ಅದೇ ಕಾಳಜಿಯಿಂದ ನೋಡಿಕೊಳ್ಳಬೇಕು. ಹಾಗಿದ್ದರೆ ಮಾತ್ರ ನ್ಯಾಯಾಲಯಕ್ಕೆ ನಮ್ಮ ಮೇಲೆ ವಿಶ್ವಾಸ ಬರುತ್ತದೆ.

ಜೈಲಿನಿಂದ ಬಂದವನ ತಂಗಿಗೆ ಸಂಬಂಧ ಬರುವುದಿಲ್ಲ. ಅವನು ಮಸೀದಿಗೆ ಬಂದರೆ ಪಕ್ಕದವರು ಸರಿದು ನಿಲ್ಲುತ್ತಾರೆ. ಅವನನ್ನು ಎದುರುಗೊಂಡು ಅಪ್ಪಿಕೊಳ್ಳುವವರು ಜೈಲಿನ ಗೆಳೆಯರು ಮಾತ್ರ. ಹೀಗಿರುವಾಗ ಅವನು ಯಾರ ಬಳಿ ಹೋಗಬೇಕು? ಅಲ್ಲಾಹನು ತೌಬಾದ ಬಾಗಿಲನ್ನು ಮುಚ್ಚಿಲ್ಲ. ಅವನು ಮುಚ್ಚದ ಬಾಗಿಲನ್ನು ನಾವು ಮುಚ್ಚಲು ಯಾರು?

ತಂದೆ ತಾಯಂದಿರಲ್ಲಿ ಒಂದು ವಿನಂತಿ. ಮಗ ತಪ್ಪು ಮಾಡಿದ್ದರೆ ಅದನ್ನು ವಕೀಲರ ಮುಂದೆ ಮುಚ್ಚಿಡಬೇಡಿ. ಅವನಿಗೆ ಇಪ್ಪತ್ತೊಂದು ತುಂಬಿಲ್ಲವಾದರೆ, ಮೊದಲ ತಪ್ಪಾಗಿದ್ದರೆ, ಪ್ರೊಬೇಷನ್ ಕಾಯ್ದೆಯಡಿ ಅರ್ಜಿ ಹಾಕಿದ್ದೀರಾ ಎಂದು ವಕೀಲರನ್ನು ನೇರವಾಗಿ ಕೇಳಿ. ವರದಿಗಾಗಿ ಅಧಿಕಾರಿ ಮನೆಗೆ ಬಂದರೆ ಹೆದರಬೇಡಿ, ಬಾಗಿಲು ಹಾಕಬೇಡಿ; ಇದ್ದದ್ದನ್ನು ಇದ್ದಂತೆ ಹೇಳಿ. ವಾಯಿದೆಗಳು ಕಳೆದರೂ ವರದಿ ಬಾರದಿದ್ದರೆ ಸುಮ್ಮನಿರಬೇಡಿ, ವಕೀಲರನ್ನು ಎಬ್ಬಿಸಿ. ಅಂದು ಆ ತಾಯಿ ನನ್ನನ್ನು ಕೇಳಿರಲಿಲ್ಲ, ಕೇಳಬೇಕೆಂದು ಆಕೆಗೆ ತಿಳಿದಿರಲಿಲ್ಲ. ತಿಳಿದಿದ್ದ ನಾನು ಸುಮ್ಮನಿದ್ದೆ. ಆ ಲೆಕ್ಕವನ್ನು ನಾನು ಪರಲೋಕದಲ್ಲಿ ಕೊಡಬೇಕಾಗಿದೆ.

ಕಾನೂನು ಬದಲಾಗಲು ಕಾಲ ಬೇಕು. ಅದಕ್ಕಾಗಿ ಶಾಸಕರಿಗೆ, ಸಂಸದರಿಗೆ, ಹೈಕೋರ್ಟಿಗೆ ಮನವಿ ಸಲ್ಲಿಸೋಣ. ಆದರೆ ಜಾಮೀನು ನಿಲ್ಲುವ ಹತ್ತು ಮಂದಿಯ ಪಟ್ಟಿ ಮಾಡಲು ಯಾವ ಕಾನೂನೂ ಬೇಕಾಗಿಲ್ಲ. ಅದನ್ನು ಈ ಸಭೆ ಮುಗಿಯುವ ಮೊದಲೇ ಮಾಡಬಹುದು. ಮೊದಲ ಹೆಸರು ನನ್ನದಿರಲಿ.

ತಪ್ಪಿದವರಿಗೆ ಮರಳುವ ದಾರಿಯನ್ನೂ, ಆ ದಾರಿಯಲ್ಲಿ ಅವರ ಜೊತೆ ನಡೆಯುವ ಮನಸ್ಸನ್ನು ನಮಗೂ ಅಲ್ಲಾಹನು ಕರುಣಿಸಲಿ. ಆಮೀನ್.